ಹೊತ್ತಿಗೆ ಮೇವು, ಒಣ ಕೊಟ್ಟಿಗೆ: ಹೈನುರಾಸುಗಳ ಆರೋಗ್ಯದ ಎರಡು ಆಧಾರಗಳು

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನುಷ್ಯನನ್ನು ಕುರಿತು ಹುಟ್ಟಿದ ಈ ಮಾತು ಅವನು ಸಾಕುವ ದನಕರುಗಳಿಗೂ ಅಷ್ಟೇ ಸಲ್ಲುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಬಯಲಿನಲ್ಲಿ ಸ್ವೇಚ್ಛೆಯಾಗಿ ಮೇಯುವ ಪ್ರಾಣಿಯು ಯಾವುದನ್ನು, ಯಾವಾಗ, ಎಷ್ಟು ತಿನ್ನಬೇಕೆಂಬುದನ್ನು ಬಹುಮಟ್ಟಿಗೆ ತಾನೇ ನಿರ್ಧರಿಸಿಕೊಳ್ಳುತ್ತದೆ. ಬಿಸಿಲು ಹೆಚ್ಚಾದರೆ ಮರದ ನೆರಳಿಗೆ ಹೋಗುತ್ತದೆ, ನೆಲ ಕೆಸರಾಗಿದ್ದರೆ ದಿಬ್ಬವನ್ನೇರಿ ಮಲಗುತ್ತದೆ. ಕೊಟ್ಟಿಗೆಯ ಗೂಟಕ್ಕೆ ಕಟ್ಟಿದ ಹಸುವಿಗೆ ಈ ಸ್ವಾತಂತ್ರ್ಯವಿಲ್ಲ. ಯಜಮಾನನು ಹಾಕಿದ್ದೇ ಊಟ, ಹಾಕಿದಾಗಲೇ ಹೊತ್ತು, ಕಟ್ಟಿದ್ದೇ ಮನೆ. ಆದುದರಿಂದ ಅದರ ಪರವಾಗಿ ‘ಊಟ ಬಲ್ಲವನು’ ಯಜಮಾನನೇ ಆಗಬೇಕು. ಮಾತು ಬಾರದ ಅದರ ಸಂಕಟವನ್ನು ಅರಿಯಬೇಕಾದವನೂ ಅವನೇ.

ಹಬ್ಬದ ಮರುದಿನ

ದೀಪಾವಳಿಯ ಬಲಿಪಾಡ್ಯಮಿಯಂದು ಕರ್ನಾಟಕದ ಹಳ್ಳಿಗಳಲ್ಲಿ ಗೋಪೂಜೆ ನಡೆಯುತ್ತದೆ. ಹಸುವಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ಆರತಿ ಎತ್ತಿ, ಹೋಳಿಗೆ, ಕಡುಬು, ಅನ್ನಗಳನ್ನು ಅದರ ಮುಂದಿಡುತ್ತಾರೆ. ಒಂದೆರಡು ತುತ್ತಿನ ಗೋಗ್ರಾಸದಿಂದ ಯಾವ ಹಾನಿಯೂ ಇಲ್ಲ. ಆದರೆ ಮನೆಯವರು, ಹಬ್ಬಕ್ಕೆಂದು ಮುಂಬಯಿಯಿಂದಲೋ ಪುಣೆಯಿಂದಲೋ ಬಂದ ನೆಂಟರು, ಮಕ್ಕಳು, ನೆರೆಹೊರೆಯವರು ಒಬ್ಬರಾದ ಮೇಲೊಬ್ಬರು ತಿನ್ನಿಸಿ, ಕಡೆಗೆ ಪಾತ್ರೆಯಲ್ಲಿ ಮಿಕ್ಕ ಅನ್ನವನ್ನೂ “ದನವಾದರೂ ತಿನ್ನಲಿ” ಎಂದು ಸುರಿದರೆ, ಹುಲ್ಲು ತಿನ್ನಲು ಹುಟ್ಟಿದ ಹೊಟ್ಟೆಯೊಳಕ್ಕೆ ಒಂದೇ ಹೊತ್ತಿನಲ್ಲಿ ಅನೇಕ ಸೇರು ಅನ್ನ ಸೇರಿಬಿಡುತ್ತದೆ. ಮದುವೆ ಮನೆಯ ಮಿಕ್ಕ ಅಡಿಗೆಯಿಂದಲೂ, ಮಲೆನಾಡಿನಲ್ಲಿ ಹಲಸಿನ ಕಾಲದಲ್ಲಿ ಹೇರಳವಾಗಿ ಸಿಗುವ ಹಣ್ಣಿನಿಂದಲೂ ಆಗುವುದು ಇದೇ.

ಅಂತಹ ಮನೆಗಳಲ್ಲಿ ಮರುದಿನ ಕಾಣುವ ದೃಶ್ಯ ಪಶುವೈದ್ಯರಿಗೆ ಚಿರಪರಿಚಿತ. ಹಸು ಮೇವು ಮುಟ್ಟುವುದಿಲ್ಲ, ಮೆಲುಕು ಹಾಕುವುದಿಲ್ಲ. ಎಡಗಡೆಯ ಹೊಟ್ಟೆ ತುಂಬಿಕೊಂಡು ಭಾರವಾಗಿರುತ್ತದೆ. ಹಲ್ಲು ಕಡಿಯುತ್ತದೆ. ಹುಳಿ ವಾಸನೆಯ ನೀರಾದ ಸಗಣಿ ಹಾಕುತ್ತದೆ. ಕಣ್ಣು ಗುಳಿಬಿದ್ದು, ಕಾಲು ತಡವರಿಸಿ, ಕೊನೆಗೆ ನೆಲ ಹಿಡಿಯುತ್ತದೆ. ಚಿಕಿತ್ಸೆ ತಡವಾದರೆ ಒಂದೆರಡು ದಿನಗಳಲ್ಲಿಯೇ ಪ್ರಾಣ ಹೋಗಬಹುದು. ಮನೆಯವರು “ಯಾರ ದೃಷ್ಟಿ ತಾಗಿತೋ” ಎಂದು ಹಲುಬುತ್ತಾರೆ. ವಾಸ್ತವವಾಗಿ ತಾಗಿದ್ದು ದೃಷ್ಟಿಯಲ್ಲ, ಪ್ರೀತಿಯಿಂದಲೇ ಕೊಟ್ಟ ಅನ್ನ. ಹಿಂದಿನ ದಿನ ಆರತಿ ಎತ್ತಿಸಿಕೊಂಡ ಹಸು ಮರುದಿನ ಕೊಟ್ಟಿಗೆಯಲ್ಲಿ ಸತ್ತು ಬಿದ್ದಿರುವಾಗ ಆ ಮನೆಯ ಹೆಂಗಸಿಗಾಗುವ ದುಃಖವನ್ನು ಯಾವ ಲೆಕ್ಕದ ಪುಸ್ತಕವೂ ತೋರಿಸಲಾರದು. ಅದರ ಹಿಂದೆಯೇ, ಆ ಹಸುವನ್ನು ಕೊಳ್ಳಲು ತಂದ ಸಾಲದ ಕಂತುಗಳು ಉಳಿದಿರುತ್ತವೆ.

ನಾಲ್ಕು ಕೋಣೆಗಳ ಹೊಟ್ಟೆ

ಹೀಗೇಕಾಗುತ್ತದೆಂಬುದನ್ನು ತಿಳಿಯಬೇಕಾದರೆ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ರಚನೆಯನ್ನು ಸ್ವಲ್ಪ ಅರಿತಿರಬೇಕು. ಹಸು, ಎಮ್ಮೆ, ಕುರಿ, ಆಡುಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಅವುಗಳಲ್ಲಿ ಮೊದಲನೆಯದೂ ಅತ್ಯಂತ ದೊಡ್ಡದೂ ಆದುದು ರೂಮೆನ್. ಪೂರ್ಣ ಬೆಳೆದ ದೊಡ್ಡ ಹಸುವಿನಲ್ಲಿ ಇದು 100 ಲೀಟರಿಗೂ ಹೆಚ್ಚು ಹಿಡಿಯುವ ಹಗೇವಿನಂತಹ ಚೀಲ. ಇದರೊಳಗೆ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಹುಲ್ಲಿನ ನಾರನ್ನು ಜೀರ್ಣಿಸುವ ಶಕ್ತಿ ಹಸುವಿಗೆ ಸ್ವತಃ ಇಲ್ಲ. ಆ ಕೆಲಸವನ್ನು ಮಾಡಿಕೊಡುವವು ಈ ಜೀವಿಗಳು. ಅವು ನಾರನ್ನು ಕೊಳೆಸಿ ಕೆಲವು ಮಂದ ಆಮ್ಲಗಳನ್ನು ಉತ್ಪಾದಿಸುತ್ತವೆ. ಆ ಆಮ್ಲಗಳೇ ಹಸುವಿನ ಶಕ್ತಿ, ಅವುಗಳಿಂದಲೇ ಹಾಲಿನ ಜಿಡ್ಡು. ಹಸುವನ್ನು ಸಾಕುವವನು ನಿಜವಾಗಿ ಸಾಕುತ್ತಿರುವುದು ಈ ಅಗೋಚರ ಹಿಂಡನ್ನು ಎಂದರೆ ತಪ್ಪಾಗದು.

ಈ ಹಿಂಡು ಒಂದು ಹದದಲ್ಲಿ ಮಾತ್ರ ಬದುಕಬಲ್ಲದು. ರೂಮೆನ್ನಿನ ಆಮ್ಲ-ಕ್ಷಾರ ಪ್ರಮಾಣವನ್ನು ಸೂಚಿಸುವ ಪಿ.ಎಚ್. ಅಂಕವು ಸುಮಾರು 6ರಿಂದ 7ರ ನಡುವೆ ಇರಬೇಕು. ಹದವನ್ನು ಕಾಯುವುದು ಹಸುವಿನ ಜೊಲ್ಲು. ದೊಡ್ಡ ಹಸುವೊಂದು ದಿನಕ್ಕೆ 100 ಲೀಟರಿಗೂ ಮಿಕ್ಕಿ ಜೊಲ್ಲನ್ನು ಸುರಿಸುತ್ತದೆ. ಅದರಲ್ಲಿ ಅಡಿಗೆಯ ಸೋಡದಂತಹದೇ ಕ್ಷಾರವಿರುತ್ತದೆ. ಹಸು ನಾರುಳ್ಳ ಮೇವನ್ನು ಅಗಿದಷ್ಟೂ, ಮೆಲುಕು ಹಾಕಿದಷ್ಟೂ ಜೊಲ್ಲು ಹೆಚ್ಚುತ್ತದೆ, ಆಮ್ಲವು ಶಮನವಾಗುತ್ತದೆ. ಆರೋಗ್ಯವಂತ ಹಸು ದಿನಕ್ಕೆ ಏಳೆಂಟು ಗಂಟೆಗಳ ಕಾಲ ಮೆಲುಕು ಹಾಕುತ್ತದೆ. ಅದು ಆಲಸ್ಯದ ವಿರಾಮವಲ್ಲ, ಅದರ ದುಡಿಮೆ.

ಅನ್ನ, ಹಿಟ್ಟು, ಧಾನ್ಯ, ಬೆಲ್ಲ ಇವುಗಳಿಗೆ ಅಗಿಯುವ ಅಗತ್ಯವಿಲ್ಲ. ಅವು ಒಮ್ಮೆಗೆ ಹೆಚ್ಚಾಗಿ ಬಿದ್ದಾಗ ಪಿಷ್ಟವನ್ನು ತಿಂದು ಬೆಳೆಯುವ ಬೇರೆ ಜಾತಿಯ ಸೂಕ್ಷ್ಮಜೀವಿಗಳು ಕೆಲವೇ ಗಂಟೆಗಳಲ್ಲಿ ಮಿತಿಮೀರಿ ವೃದ್ಧಿಯಾಗಿ, ಮೊಸರನ್ನು ಹುಳಿಯಾಗಿಸುವ ಲ್ಯಾಕ್ಟಿಕ್ ಆಮ್ಲವನ್ನು ತುಂಬಿಬಿಡುತ್ತವೆ. ನಾರನ್ನು ಜೀರ್ಣಿಸುವ ಹಿಂಡು ಸಾಯುತ್ತದೆ. ಹುಳಿಯೇರಿದ ರೂಮೆನ್ ದೇಹದ ರಕ್ತದಿಂದ ನೀರನ್ನು ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ. ಹೊಟ್ಟೆಯೊಳಗೆ ನೀರು ತುಂಬಿದ್ದರೂ ಹಸು ನೀರಿಲ್ಲದೆ ಬಾಡುತ್ತದೆ. ಇದಕ್ಕೆ ವೈದ್ಯರು ಅಸಿಡೋಸಿಸ್ ಎನ್ನುತ್ತಾರೆ. ಬದುಕುಳಿದ ಹಸುವಿನಲ್ಲಿಯೂ ಗೊರಸಿನ ಬಾವು ಕಾಣಿಸಿಕೊಂಡು ಮುಂದೆ ಬಹುಕಾಲ ಕುಂಟುವುದುಂಟು.

ಬಲಿಪಾಡ್ಯಮಿಯ ಪ್ರಸಂಗ ಕಣ್ಣಿಗೆ ಕಾಣುವ ದುರಂತ. ಆದರೆ ಇದರದೇ ಸೌಮ್ಯರೂಪವು ಅನೇಕ ಕೊಟ್ಟಿಗೆಗಳಲ್ಲಿ ದಿನನಿತ್ಯ ನಡೆಯುತ್ತಿರುತ್ತದೆ. ಹೆಚ್ಚು ಹಾಲಿನ ಆಸೆಯಿಂದ ಇಡೀ ದಿನದ ಹಿಂಡಿ-ಬೂಸಾವನ್ನು ಒಂದೇ ಸಲ ಸುರಿಯುವುದು, ಬೆಳಗ್ಗೆ ಏನೂ ಹಾಕದೆ ಸಂಜೆ ರಾಶಿ ಹಾಕುವುದು, ಒಣಹುಲ್ಲನ್ನು ಕಡಿಮೆ ಮಾಡಿ ಹಿಂಡಿಯನ್ನೇ ಹೆಚ್ಚಿಸುವುದು ಇವುಗಳಿಂದ ಹಸು ಸಾಯುವುದಿಲ್ಲ, ಆದರೆ ಸೊರಗುತ್ತದೆ. ಹಾಲಿನ ಜಿಡ್ಡು ಇಳಿಯುತ್ತದೆ. ಡೈರಿಯಲ್ಲಿ ಜಿಡ್ಡಿನಂಶವನ್ನು ನೋಡಿ ದರ ಕಟ್ಟಿದಾಗ ರೈತನಿಗೆ ಕಾರಣವೇ ತಿಳಿಯುವುದಿಲ್ಲ.

ಹೊತ್ತಿನ ಕಟ್ಟುಪಾಡು

ಹೊಟ್ಟೆಯೊಳಗಿನ ಹಿಂಡಿಗೆ ಬೇಕಾದುದು ಹೆಚ್ಚಿನ ಆಹಾರಕ್ಕಿಂತ ಹೆಚ್ಚಾಗಿ ಒಂದೇ ಸಮನಾದ ಆಹಾರ. ಇದರಿಂದ ಕೆಲವು ಸರಳ ನಿಯಮಗಳು ತಾವಾಗಿಯೇ ಹೊರಡುತ್ತವೆ. ಹಿಂಡಿಯ ಮಿಶ್ರಣವನ್ನು ದಿನಕ್ಕೆ ಎರಡು ಮೂರು ಪಾಲಾಗಿ ಹಂಚಿ ಕೊಡಬೇಕು. ಬರಿಯ ಹೊಟ್ಟೆಗೆ ಹಿಂಡಿ ಹಾಕುವ ಬದಲು ಮೊದಲು ಸ್ವಲ್ಪ ರಾಗಿಹುಲ್ಲನ್ನೋ ಜೋಳದ ಸೊಪ್ಪೆಯನ್ನೋ ಹಾಕುವುದು ಲೇಸು. ಪ್ರಮಾಣದ ವಿಷಯದಲ್ಲಿ ಪಶುಪಾಲನೆಯವರು ಹೇಳುವ ಸ್ಥೂಲ ಲೆಕ್ಕ ಹೀಗಿದೆ: ಹಸುವಿನ ಶರೀರಪೋಷಣೆಗೆಂದು ಒಂದೂವರೆಯಿಂದ ಎರಡು ಕಿಲೋ ಮಿಶ್ರಣ, ಅದಲ್ಲದೆ ಹಸುವಿಗೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ, ಎಮ್ಮೆಗೆ ಪ್ರತಿ ಎರಡು ಲೀಟರ್ ಹಾಲಿಗೆ, ಒಂದೊಂದು ಕಿಲೋ. ಹಸಿರು ಮೇವು ಯಥೇಚ್ಛವಾಗಿದ್ದಲ್ಲಿ ಇದನ್ನು ಕಡಿಮೆ ಮಾಡಬಹುದು.

ಹೊಸ ಮೇವಿಗೆ ಬದಲಾಯಿಸುವಾಗ ಹತ್ತು ಹದಿನಾಲ್ಕು ದಿನಗಳ ಅವಧಿಯಲ್ಲಿ ಹಳೆಯದನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತ ಹೊಸದನ್ನು ಹೆಚ್ಚಿಸಬೇಕು. ಮೊದಲ ಮಳೆಗೆ ಚಿಗುರಿದ ಎಳೆಯ ಹುಲ್ಲನ್ನು ಹಸಿದ ಕುರಿಗಳು ಒಮ್ಮೆಲೇ ಮೇಯ್ದಾಗ ಕರುಳಿನಲ್ಲಿ ವಿಷವುಂಟಾಗಿ ಹಿಂಡಿನ ಒಳ್ಳೆಯ ಕುರಿಗಳೇ ದಿಢೀರನೆ ಸಾಯುವುದನ್ನು ಕುರಿಗಾರರು ಕಂಡಿದ್ದಾರೆ. ಬಯಲುಸೀಮೆಯ ರೈತರಿಗೆ ಇನ್ನೊಂದು ಅಪಾಯವೂ ಗೊತ್ತು. ಮಳೆಯಿಲ್ಲದೆ ಕುಗ್ಗಿ ನಿಂತ ಎಳೆಯ ಜೋಳದಲ್ಲಿ ಸಯನೈಡ್ ಜಾತಿಯ ವಿಷ ಸೇರಿಕೊಂಡಿರುತ್ತದೆ. ಅದೇ ಜೋಳ ಹೂ ಬಿಟ್ಟು ಬಲಿತಾಗ ಉತ್ತಮ ಮೇವಾಗುತ್ತದೆ. ಮೇವು ಒಂದೇ, ಅದರ ಹೊತ್ತು ಮಾತ್ರ ಬೇರೆ.

ಹಾಲು ಕರೆಯುವುದಕ್ಕೂ ಹೊತ್ತಿನ ಕಟ್ಟುಪಾಡು ಬೇಕು. ಕರುವಿನ ಸ್ಪರ್ಶ, ಕೆಚ್ಚಲು ತೊಳೆಯುವುದು, ಬಕೆಟ್ಟಿನ ಸದ್ದು, ದಿನವೂ ಕರೆಯುವ ಕೈ ಇವೆಲ್ಲ ಹಸುವಿಗೆ ಸಂಕೇತಗಳು. ಆಗ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಚೋದಕ ರಕ್ತಕ್ಕಿಳಿದು ಹಾಲು ತೊರೆಯುತ್ತದೆ. ಅದರ ಪ್ರಭಾವ ಕೆಲವೇ ನಿಮಿಷಗಳದು. ಒಂದು ದಿನ ಐದು ಗಂಟೆಗೆ, ಮರುದಿನ ಎಂಟಕ್ಕೆ ಎಂದು ಹೊತ್ತು ಬದಲಾದರೆ, ಗದ್ದಲವೆಬ್ಬಿಸಿದರೆ, ಹೊಡೆದರೆ, ಹಸು ಹಾಲನ್ನು ತಡೆಹಿಡಿಯುತ್ತದೆ. ಹಳ್ಳಿಯವರು “ಹಸು ಸೊರ ಬಿಡುತ್ತಿಲ್ಲ” ಎಂದು ಅದನ್ನೇ ದೂರುತ್ತಾರೆ.

ನೀರಿನ ವಿಷಯದಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇದೆ. ಬೆಳಗ್ಗೆ ಒಂದು ಬಕೆಟ್ ಕಲಗಚ್ಚು, ಸಂಜೆ ಒಂದು ಬಕೆಟ್ ಮುಸುರೆ ಕೊಟ್ಟು “ನೀರು ಕುಡಿಸಿದ್ದಾಯಿತು” ಎನ್ನುವ ಮನೆಗಳು ಅನೇಕ. ಮನೆಯ ಹಳೆಯ ನಾಡಹಸುವಿಗೆ ಅದು ಹೇಗೋ ಸಾಕಾಗಿರಬಹುದು. ಹತ್ತು ಹನ್ನೆರಡು ಲೀಟರ್ ಹಾಲು ಕೊಡುವ ಮಿಶ್ರತಳಿಯ ಹಸುವಿಗೆ ಬೇಸಗೆಯಲ್ಲಿ ಇದರ ಹಲವು ಪಟ್ಟು ಬೇಕು. ಶುಭ್ರವಾದ ನೀರು ದಿನದ 24 ಗಂಟೆಯೂ ಅದರ ಮುಂದಿರಬೇಕು. ಮೇವು ಕೊಳೆಯುವಾಗ ಹೊಟ್ಟೆಯಲ್ಲಿ ಶಾಖ ಹುಟ್ಟುವುದರಿಂದ, ಬಿರುಬೇಸಗೆಯಲ್ಲಿ ಮೇವಿನ ಹೆಚ್ಚಿನ ಪಾಲನ್ನು ನಸುಕಿನಲ್ಲಿಯೂ ರಾತ್ರಿಯಲ್ಲಿಯೂ ಹಾಕುವುದು ಉಚಿತ.

ಕೊಟ್ಟಿಗೆ: ನೆಲ, ಗಾಳಿ, ನೆರಳು

ಇನ್ನು ವಸತಿಯ ಮಾತು. ಹಸು ದಿನದಲ್ಲಿ ಹತ್ತು ಹನ್ನೆರಡು ಗಂಟೆ ಮಲಗಲು ಬಯಸುತ್ತದೆ. ಮಲಗಿದಾಗ ಕೆಚ್ಚಲಿಗೆ ರಕ್ತದ ಹರಿವು ಹೆಚ್ಚುತ್ತದೆ, ಗೊರಸುಗಳಿಗೆ ವಿಶ್ರಾಂತಿ ದೊರೆಯುತ್ತದೆ, ಮೆಲುಕು ಸರಾಗವಾಗುತ್ತದೆ. ನೆಲ ಒದ್ದೆಯಾಗಿದ್ದರೆ ಹಸು ನಿಂತೇ ಇರುತ್ತದೆ. ಅನಿವಾರ್ಯವಾಗಿ ಮಲಗಿದರೆ ಸಗಣಿ-ಗಂಜಲಗಳಲ್ಲಿರುವ ರೋಗಾಣುಗಳು ಕೆಚ್ಚಲಿಗೆ ತಾಗುತ್ತವೆ.

ಮೇವಿನ ಹೊತ್ತೂ ಕೊಟ್ಟಿಗೆಯ ನೆಲವೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ಕೆಚ್ಚಲು ಬಾವಿಗಿಂತ ಉತ್ತಮ ಉದಾಹರಣೆಯಿಲ್ಲ. ಹಾಲು ಕರೆದ ನಂತರ ಮೊಲೆತೊಟ್ಟಿನ ರಂಧ್ರವು ಒಡನೆಯೇ ಮುಚ್ಚಿಕೊಳ್ಳುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ತೆರೆದಿರುತ್ತದೆ. ಕರೆದ ಕೂಡಲೇ ದಣಿದ ಹಸು ಒದ್ದೆ ನೆಲದ ಮೇಲೆ ಮಲಗಿದರೆ ರೋಗಾಣುಗಳಿಗೆ ಬಾಗಿಲು ತೆರೆದಿಟ್ಟಂತೆ. ಆದುದರಿಂದ ಹಾಲು ಕರೆದ ಕೂಡಲೇ ಗೋದಲಿಗೆ ಹಸಿರು ಮೇವನ್ನು ಹಾಕಬೇಕು. ಹಸು ನಿಂತು ಮೇಯುತ್ತದೆ, ಅಷ್ಟರಲ್ಲಿ ತೊಟ್ಟು ಮುಚ್ಚಿಕೊಳ್ಳುತ್ತದೆ. ಒಂದು ಹೊರೆ ಹುಲ್ಲನ್ನು ಅರ್ಧ ಗಂಟೆ ಮೊದಲು ಹಾಕದೆ ನಂತರ ಹಾಕುವುದರಿಂದ ಒಂದು ರೋಗದ ದಾರಿ ಕಿರಿದಾಗುತ್ತದೆ. ಇದಕ್ಕೆ ತಗಲುವ ಖರ್ಚು ಸೊನ್ನೆ.

ಸ್ಥಳದ ಅಳತೆಯ ಬಗ್ಗೆ ನಮ್ಮ ದೇಶದಲ್ಲಿ ಒಪ್ಪಿಕೊಂಡಿರುವ ಪ್ರಮಾಣವೆಂದರೆ, ಪ್ರತಿ ಹಸುವಿಗೆ ಸೂರಿನ ಕೆಳಗೆ 3.5 ಚದರ ಮೀಟರ್, ಹೊರಗಿನ ಬಯಲಿನಲ್ಲಿ 7 ಚದರ ಮೀಟರ್. ಎಮ್ಮೆಗೆ ಕ್ರಮವಾಗಿ 4 ಮತ್ತು 8. ನೆಲವು ಜಾರದಂತೆ ಒರಟಾಗಿದ್ದು, 40ರಿಂದ 60 ಅಡಿಗೆ ಒಂದಡಿಯಷ್ಟು ಚರಂಡಿಯ ಕಡೆಗೆ ಇಳಿಜಾರಾಗಿದ್ದರೆ ಗಂಜಲ ನಿಲ್ಲುವುದಿಲ್ಲ. ನಿಂತ ಗಂಜಲದಿಂದ ಏಳುವ ಅಮೋನಿಯಾ ಅನಿಲವು ಪ್ರಾಣಿಯ ಕಣ್ಣನ್ನೂ ಶ್ವಾಸನಾಳವನ್ನೂ ಉರಿಸಿ, ಕರುಗಳಲ್ಲಿ ನ್ಯುಮೋನಿಯಾಕ್ಕೆ ದಾರಿಮಾಡುತ್ತದೆ. ಕೋಳಿ ಸಾಕಣೆಯ ಶೆಡ್ಡುಗಳಲ್ಲಿಯೂ ನೆಲದ ಹೊಟ್ಟು ಒದ್ದೆಯಾದರೆ ಇದೇ ಅನಿಲದ ಕಾಟ, ಜೊತೆಗೆ ರಕ್ತಭೇದಿಯ ಕಾಟ.

ಚಳಿಗಂಜಿ ಕೊಟ್ಟಿಗೆಯ ಕಿಟಕಿಗಳನ್ನೆಲ್ಲ ಗೋಣಿಯಿಂದ ಮುಚ್ಚುವ ಪದ್ಧತಿ ಕೆಲವೆಡೆ ಇದೆ. ನಮ್ಮ ನಾಡಿನ ಹವೆಯಲ್ಲಿ ಹಸುವಿಗೆ ಚಳಿಗಿಂತ ಸೆಕೆಯೇ ಹೆಚ್ಚಿನ ಶತ್ರು. ಹೋಲ್‌ಸ್ಟೀನ್, ಜರ್ಸಿ ರಕ್ತದ ಹಸುಗಳು ತಂಪುದೇಶದ ಸಂತತಿ. ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದರೆ ಅವುಗಳ ನೆಮ್ಮದಿ ಕೆಡತೊಡಗುತ್ತದೆ. ತೇಕುತ್ತವೆ, ಮೇವು ಬಿಡುತ್ತವೆ, ಬೆದೆಯ ಲಕ್ಷಣಗಳನ್ನು ಸರಿಯಾಗಿ ತೋರಿಸುವುದಿಲ್ಲ. ತಗ್ಗಾದ ತಗಡಿನ ಸೂರಿನ ಕೆಳಗೆ ಮಧ್ಯಾಹ್ನ ಎರಡು ಗಂಟೆಗೆ ನಿಂತು ನೋಡಿದವರಿಗೆ ಹಸುವಿನ ಪಾಡು ಅರ್ಥವಾಗುತ್ತದೆ. ಸೂರನ್ನು ಎತ್ತರಿಸುವುದು, ತಗಡಿನ ಮೇಲೆ ಹುಲ್ಲು ಹೊದಿಸುವುದು, ಕೊಟ್ಟಿಗೆಯ ಉದ್ದವನ್ನು ಪೂರ್ವ-ಪಶ್ಚಿಮವಾಗಿಟ್ಟು ಬಿಸಿಲನ್ನು ತಪ್ಪಿಸುವುದು, ಹೊಂಗೆ, ಬೇವಿನಂತಹ ಮರಗಳನ್ನು ಬೆಳೆಸುವುದು ಇವೆಲ್ಲ ಬಡವನಿಗೂ ಸಾಧ್ಯವಾದ ಉಪಾಯಗಳು. ಎಮ್ಮೆಗೆ ಕಪ್ಪು ಚರ್ಮ, ಬೆವರಿನ ಗ್ರಂಥಿಗಳೂ ಕಡಿಮೆ. ಕೆರೆಯಲ್ಲಿ ಮುಳುಗಿ ಕೂರುವುದು ಅದರ ಸೋಮಾರಿತನವಲ್ಲ. ಕೆರೆಯಿಲ್ಲದಲ್ಲಿ ದಿನಕ್ಕೆ ಎರಡು ಮೂರು ಸಲ ಮೈಮೇಲೆ ನೀರು ಹೊಯ್ಯಲೇಬೇಕು.

ನಮ್ಮ ಹಿರಿಯರಿಗೆ ಈ ತತ್ತ್ವಗಳು ಅಪರಿಚಿತವಾಗಿರಲಿಲ್ಲ. ಮಲೆನಾಡಿನ ಕೊಟ್ಟಿಗೆಗಳಲ್ಲಿ ದಿನವೂ ಸೊಪ್ಪು, ತರಗೆಲೆಗಳನ್ನು ಹಾಸುತ್ತಿದ್ದುದು ಗೊಬ್ಬರಕ್ಕಾಗಿ ಮಾತ್ರವಲ್ಲ, ದನಗಳಿಗೆ ಒಣ ಹಾಸಿಗೆಯಾಗಲೆಂದು ಕೂಡ. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗಾಗಿ ಕಾದಿಟ್ಟಿದ್ದ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಋತುವಿಗನುಸಾರವಾಗಿ ಹಿಂಡುಗಳನ್ನು ಸಾಗಿಸಲಾಗುತ್ತಿತ್ತು. 1927ರಲ್ಲಿ ಅನಾರೋಗ್ಯದಿಂದ ಚೇತರಿಸಿಕೊಳ್ಳಲೆಂದು ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿಯವರು ಅಲ್ಲಿನ ಇಂಪೀರಿಯಲ್ ಡೈರಿ ಸಂಸ್ಥೆಗೆ ಹೋಗಿ ಪಶುಪಾಲನೆಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಗೋಸೇವೆಗೆ ಭಕ್ತಿಯೊಂದೇ ಸಾಲದು, ಶಾಸ್ತ್ರವೂ ಬೇಕೆಂಬುದನ್ನು ಅವರು ಕಂಡುಕೊಂಡಿದ್ದರು.

ಮುಂಬಯಿಯ ತಬೇಲಾಗಳ ಪಾಠ

ವಸತಿಯ ಪ್ರಶ್ನೆ ಹಳ್ಳಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಮುಂಬಯಿಯ ಕನ್ನಡಿಗರು ಚೆನ್ನಾಗಿ ಬಲ್ಲರು. ಹಿಂದೆ ಈ ನಗರದ ಹಾಲಿನ ಬಹುಪಾಲು ಬರುತ್ತಿದ್ದುದು ಜನವಸತಿಯ ನಡುವೆಯೇ ಇದ್ದ ಇಕ್ಕಟ್ಟಾದ ಎಮ್ಮೆಯ ತಬೇಲಾಗಳಿಂದ. ಹೊಸದಾಗಿ ಈದ ಎಮ್ಮೆಗಳನ್ನು ದೂರದ ಪ್ರಾಂತಗಳಿಂದ ತರಿಸಿ, ಹಾಲು ಇರುವಷ್ಟು ಕಾಲ ಒಂದೇ ಗೂಟಕ್ಕೆ ಕಟ್ಟಿ ಕರೆದು, ಹಾಲು ಬತ್ತಿದೊಡನೆ ಮಾರಿಬಿಡುವುದು ಅಲ್ಲಿನ ಕ್ರಮ. ಅನೇಕ ಎಮ್ಮೆಗಳು ಕಸಾಯಿಖಾನೆ ಸೇರುತ್ತಿದ್ದವು. ಕರುಗಳು ಉಳಿಯುತ್ತಿದ್ದುದೇ ಅಪರೂಪ. ಇದನ್ನು ಬದಲಿಸಬೇಕೆಂದೇ 1949ರಲ್ಲಿ ಗೋರೆಗಾಂವ್ ಬಳಿ ಆರೇ ಹಾಲು ಕಾಲೊನಿ ಸ್ಥಾಪನೆಯಾಯಿತು. ಇದರ ಹಿಂದಿನ ಪ್ರಮುಖ ಚೇತನವಾಗಿದ್ದ ದಾರಾ ಖುರೋಡಿಯವರಿಗೆ 1963ರಲ್ಲಿ ವರ್ಗೀಸ್ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲರೊಡನೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಗಾಳಿ-ಬೆಳಕುಗಳುಳ್ಳ ಶೆಡ್ಡು, ಸುತ್ತಲೂ ಮೇವಿನ ಹುಲ್ಲುಗಾವಲು, ಹತ್ತಿರದಲ್ಲಿಯೇ ಪಶುವೈದ್ಯರು ಎಂಬುದು ಆ ಯೋಜನೆಯ ಕಲ್ಪನೆ.

ತಬೇಲಾಗಳು ಪೂರ್ತಿಯಾಗಿ ನಗರವನ್ನು ಬಿಡಲಿಲ್ಲ. 2005ರ ಜುಲೈ 26ರ ಮಹಾಮಳೆಯಲ್ಲಿ ತಗ್ಗುಪ್ರದೇಶದ ತಬೇಲಾಗಳಲ್ಲಿದ್ದ ಎಮ್ಮೆಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ನೀರು ಏರಿದಾಗ ಮನುಷ್ಯನು ಮೇಲಿನ ಮಹಡಿಗೆ ಹೋಗಬಲ್ಲ, ಕಟ್ಟಿದ ಪ್ರಾಣಿ ಎಲ್ಲಿಗೆ ಹೋಗಬೇಕು? ಕೊಟ್ಟಿಗೆಯನ್ನು ಎತ್ತರದ ಜಾಗದಲ್ಲಿ ಕಟ್ಟಬೇಕೆಂಬ ಹಳೆಯ ಮಾತಿನ ಬೆಲೆ ಅಂದು ಎಲ್ಲರಿಗೂ ತಿಳಿಯಿತು. ಅನಂತರ 2022ರಲ್ಲಿ ಚರ್ಮಗಂಟು ರೋಗವು ಕರ್ನಾಟಕ, ಮಹಾರಾಷ್ಟ್ರಗಳನ್ನೂ ಒಳಗೊಂಡು ಅನೇಕ ರಾಜ್ಯಗಳ ದನಗಳನ್ನು ಕಾಡಿತು. ಅದನ್ನು ಹರಡುವವು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು. ಲಸಿಕೆ ಮುಖ್ಯವೇ ಹೌದು. ತಿಪ್ಪೆಯನ್ನು ದೂರವಿಟ್ಟು, ನಿಂತ ನೀರನ್ನು ಹರಿಯಬಿಟ್ಟು, ಗೋಡೆಯ ಬಿರುಕುಗಳನ್ನು ಮುಚ್ಚುವುದೂ ಅದರೊಡನೆ ನಡೆಯಬೇಕು.

ಗಿಣ್ಣಿನ ಮೊದಲ ಹಕ್ಕುದಾರ

ಊರಿನಿಂದ ಗಿಣ್ಣು ಬಂದರೆ ಪರಸ್ಥಳದ ಕನ್ನಡಿಗರ ಮನೆಯಲ್ಲಿ ಸಂಭ್ರಮ. ಆದರೆ ಆ ಗಿಣ್ಣುಹಾಲಿನ ಮೊದಲ ಹಕ್ಕುದಾರ ಕರು. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗನಿರೋಧಕ ಶಕ್ತಿ ಇರುವುದಿಲ್ಲವೆಂದೇ ಹೇಳಬೇಕು. ತಾಯಿಯ ಗಿಣ್ಣುಹಾಲಿನ ಮೂಲಕವೇ ಅದು ಬರಬೇಕು. ಆ ರಕ್ಷಕ ಅಂಶಗಳನ್ನು ಹಾಗೆಯೇ ಹೀರಿಕೊಳ್ಳುವ ಕರುಳಿನ ಸಾಮರ್ಥ್ಯವು ಗಂಟೆಗಂಟೆಗೂ ಕುಗ್ಗುತ್ತ ಒಂದು ದಿನದೊಳಗೆ ಮುಗಿದುಹೋಗುತ್ತದೆ. ಹುಟ್ಟಿದ ಒಂದೆರಡು ಗಂಟೆಗಳೊಳಗೆ ಮೊದಲ ಸಲ ಕುಡಿಸಿ, ಮೊದಲ 24 ಗಂಟೆಗಳಲ್ಲಿ ಕರುವಿನ ತೂಕದ ಹತ್ತರಲ್ಲೊಂದು ಭಾಗದಷ್ಟು ಗಿಣ್ಣು ಅದರ ಹೊಟ್ಟೆ ಸೇರುವಂತೆ ನೋಡಬೇಕು. “ಮಾಸು ಬೀಳಲಿ, ಆಮೇಲೆ ಕುಡಿಸೋಣ” ಎಂದು ಕಾಯುವ ರೂಢಿಯಿಂದ ಎಷ್ಟೋ ಕರುಗಳು ತಮ್ಮ ಆಯುಷ್ಯದ ಬಂಡವಾಳವನ್ನೇ ಕಳೆದುಕೊಂಡಿವೆ. ಆಹಾರದ ಹೊತ್ತು ಇಷ್ಟು ನಿರ್ಣಾಯಕವಾದ ಪ್ರಸಂಗ ಹಸುವಿನ ಬಾಳಿನಲ್ಲಿ ಬೇರೊಂದಿಲ್ಲ.

ಜಮಾ-ಖರ್ಚು

ಇದನ್ನೆಲ್ಲ ಲೆಕ್ಕದ ಕಣ್ಣಿನಿಂದಲೂ ನೋಡಬೇಕು. ಸಣ್ಣ ರೈತರಿಗೆ ಬ್ಯಾಂಕುಗಳು ಎರಡು ಹಸುಗಳ ಘಟಕಕ್ಕೆ ಸಾಲ ಕೊಡುವಾಗ, ಎರಡನೆಯ ಹಸುವನ್ನು ಕೆಲವು ತಿಂಗಳು ಬಿಟ್ಟು ಕೊಳ್ಳುವಂತೆ ಸೂಚಿಸುವುದುಂಟು. ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರಲಿ, ಕಂತು ತಪ್ಪದಿರಲಿ ಎಂಬುದೇ ಉದ್ದೇಶ. ಈ ಲೆಕ್ಕವೆಲ್ಲ ನಿಂತಿರುವುದು ಹಸುವಿನ ಆರೋಗ್ಯದ ಮೇಲೆ.

ಉದಾಹರಣೆಗೆ ದಿನಕ್ಕೆ ಸರಾಸರಿ 10 ಲೀಟರಿನಂತೆ 300 ದಿನ ಕರೆಯುವ ಹಸುವನ್ನು ತೆಗೆದುಕೊಳ್ಳೋಣ. ಒಟ್ಟು 3,000 ಲೀಟರ್. ಸೆಕೆ, ನೀರಿನ ಕೊರತೆ, ಹೊತ್ತು ತಪ್ಪಿದ ಮೇವು ಇವುಗಳಿಂದ ದಿನಕ್ಕೆ ಒಂದೇ ಒಂದು ಲೀಟರ್ ಕಡಿಮೆಯಾದರೆ 300 ಲೀಟರ್ ನಷ್ಟ, ಅಂದರೆ ಇಡೀ ಒಂದು ತಿಂಗಳ ಹಾಲು. ಕೆಚ್ಚಲು ಬಾವಿನಿಂದ ನಾಲ್ಕು ಮೊಲೆಗಳಲ್ಲಿ ಒಂದು ಬತ್ತಿದರೆ ನಷ್ಟ ಇನ್ನೂ ಹೆಚ್ಚು. ಸೆಕೆಯಲ್ಲಿ ಬೆದೆಯನ್ನು ಗುರುತಿಸದೆ ಹೋದರೆ ಮತ್ತೆ 21 ದಿನ ಕಾಯಬೇಕು. ಎರಡು ಸಲ ತಪ್ಪಿದರೆ 42 ದಿನಗಳ ಮೇವು ಖರ್ಚಿನ ಬಾಬತ್ತಿಗೆ ಸೇರುತ್ತದೆ, ಜಮೆಗೆ ಏನೂ ಇಲ್ಲ. ಜಾನುವಾರು ವಿಮೆ ಸಾಮಾನ್ಯವಾಗಿ ಹಸು ಸತ್ತರೆ ಪರಿಹಾರ ಕೊಡುತ್ತದೆ. ಬದುಕಿದ್ದೂ ದಿನಕ್ಕೊಂದು ಲೀಟರ್ ಕಡಿಮೆ ಕೊಡುವ ಹಸುವಿಗೆ ಯಾವ ವಿಮೆಯೂ ಇಲ್ಲ. ಸಾಲಗಾರನನ್ನು ಸುಸ್ತಿದಾರನನ್ನಾಗಿ ಮಾಡುವುದು ಅನೇಕ ವೇಳೆ ಈ ಕಣ್ಣಿಗೆ ಬೀಳದ ಸೋರಿಕೆ.

ಹಾಲು ಕುಡಿಯುವವರ ಪಾಲು

ಪಟ್ಟಣದಲ್ಲಿ ಪೊಟ್ಟಣದ ಹಾಲು ಕೊಳ್ಳುವವರಿಗೂ ಈ ವಿಷಯ ಸಂಬಂಧಿಸಿದ್ದೇ. ಕೊಟ್ಟಿಗೆ ಕೊಳಕಾದಷ್ಟೂ ರೋಗ ಹೆಚ್ಚು, ರೋಗ ಹೆಚ್ಚಿದಷ್ಟೂ ಆಂಟಿಬಯೋಟಿಕ್ ಔಷಧಿಗಳ ಬಳಕೆ ಹೆಚ್ಚು. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಮಾರಾಟಕ್ಕೆ ಬಿಡಬಾರದು. ಬಡತನದಿಂದಲೋ ಅಜ್ಞಾನದಿಂದಲೋ ಈ ನಿಯಮ ಮುರಿದಾಗ ಔಷಧಿಯ ಅಂಶ ಮಕ್ಕಳ ಲೋಟದವರೆಗೂ ಬರುತ್ತದೆ. ಕ್ಷಯ, ಬ್ರುಸೆಲ್ಲೋಸಿಸ್‌ನಂತಹ ರೋಗಗಳು ಹಸಿ ಹಾಲಿನಿಂದ ಮನುಷ್ಯರಿಗೆ ಹರಡಬಲ್ಲವಾದುದರಿಂದ ಬಿಡಿಯಾಗಿ ಕೊಂಡ ಹಾಲನ್ನು ಕಾಯಿಸದೆ ಕುಡಿಯಬಾರದು.

ಪಟ್ಟಣಿಗರು ಮಾಡುವ ಇನ್ನೊಂದು ಅಪರಾಧವಿದೆ. ಮಿಕ್ಕ ಅನ್ನ, ತರಕಾರಿಯ ಸಿಪ್ಪೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಬೀದಿಯಲ್ಲಿಡುತ್ತಾರೆ. ಹಸಿದ ಬೀದಿಯ ಹಸು ಚೀಲಸಮೇತ ನುಂಗುತ್ತದೆ. ರೂಮೆನ್ನಿನ ಜೀವಿಗಳು ಹುಲ್ಲನ್ನು ಕರಗಿಸಬಲ್ಲವು, ಪ್ಲಾಸ್ಟಿಕ್ಕನ್ನಲ್ಲ. ವರ್ಷಗಟ್ಟಲೆ ಸೇರಿಕೊಂಡ ಚೀಲಗಳ ಉಂಡೆಯನ್ನು ಶಸ್ತ್ರಚಿಕಿತ್ಸೆಯಿಂದ ಕಿಲೋಗಟ್ಟಲೆ ಹೊರತೆಗೆದ ಪ್ರಕರಣಗಳು ಅನೇಕ. ಹೊಟ್ಟೆ ತುಂಬಿದಂತೆ ಕಾಣುವ ಆ ಹಸು ಹಸಿವಿನಿಂದಲೇ ಸಾಯುತ್ತದೆ.

ನೆನಪಿನಲ್ಲಿಡಬೇಕಾದ ಕೆಲವು ಅಂಶಗಳು

1. ಮೇವು, ಹಿಂಡಿ, ಹಾಲು ಕರೆಯುವುದು ಇವುಗಳಿಗೆ ನಿಶ್ಚಿತವಾದ ಹೊತ್ತಿರಲಿ; ಹಬ್ಬವಿರಲಿ, ಮದುವೆಯಿರಲಿ, ಅದು ತಪ್ಪದಿರಲಿ.
2. ಹಿಂಡಿಯನ್ನು ಎರಡು ಮೂರು ಪಾಲು ಮಾಡಿ, ನಾರುಳ್ಳ ಮೇವಿನ ನಂತರ ಕೊಡಬೇಕು.
3. ಗೋಗ್ರಾಸವೆಂದರೆ ಒಂದು ತುತ್ತು ಮಾತ್ರ. ಮಿಕ್ಕ ಅನ್ನಕ್ಕೆ ಹಸು ತೊಟ್ಟಿಯಲ್ಲ.
4. ಹಾಲು ಕರೆದ ಕೂಡಲೇ ಹಸಿರು ಮೇವು ಹಾಕಿ, ಹಸುವನ್ನು ಅರ್ಧ ಗಂಟೆಗೆ ಕಡಿಮೆಯಾಗದಂತೆ ನಿಂತಿರುವಂತೆ ನೋಡಿಕೊಳ್ಳಬೇಕು.
5. ಶುಭ್ರವಾದ ನೀರು ಸದಾ ಮುಂದಿರಲಿ.
6. ನೆಲ ಒಣಗಿರಲಿ, ಗಾಳಿ ಆಡುತ್ತಿರಲಿ, ಸೂರು ಎತ್ತರವಾಗಿರಲಿ.
7. ಕರುವಿಗೆ ಗಿಣ್ಣು ಮೊದಲು, ಮನೆಯವರಿಗೆ ಆಮೇಲೆ.
8. ಹಸು ಮೆಲುಕು ನಿಲ್ಲಿಸಿದರೆ ಅದೇ ಮೊದಲ ಎಚ್ಚರಿಕೆ. ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಬೇಕು.

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಕೊಟ್ಟಿಗೆಯುಳ್ಳ ಮನೆಗಳಿವೆ. ಅಲ್ಲಿ ವಯಸ್ಸಾದ ತಾಯಿಯೋ ಅತ್ತಿಗೆಯೋ ಒಂಟಿಯಾಗಿ ಎರಡು ಹಸುಗಳನ್ನು ನೋಡಿಕೊಳ್ಳುತ್ತಿರುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಕೊಟ್ಟಿಗೆಯಲ್ಲಿ ಹಸು ಮಲಗುವ ಜಾಗದಲ್ಲಿ ಒಂದು ನಿಮಿಷ ಮಂಡಿಯೂರಿ ಕುಳಿತು, ಅದರ ಮೂಗಿನ ಎತ್ತರದಲ್ಲಿ ಉಸಿರಾಡಿ ನೋಡಬೇಕು. ಉಟ್ಟ ಬಟ್ಟೆ ಒದ್ದೆಯಾದರೆ, ಕಣ್ಣು ಉರಿದರೆ, ಹಸುವಿಗೆ ಅಲ್ಲಿ ಆರೋಗ್ಯವಿಲ್ಲವೆಂದೇ ಅರ್ಥ. ಹಬ್ಬಕ್ಕೆ ಕೊಂಡೊಯ್ಯುವ ಉಡುಗೊರೆಗಳ ಬೆಲೆಯಲ್ಲಿ ಒಂದಂಶವನ್ನು ತೆಗೆದಿಟ್ಟು ಆ ನೆಲಕ್ಕೊಂದು ಇಳಿಜಾರು, ಚರಂಡಿ, ನೀರಿನ ತೊಟ್ಟಿ ಮಾಡಿಸಿಕೊಟ್ಟರೆ ಆ ವರ್ಷದ ಗೋಪೂಜೆ ಸಾರ್ಥಕವಾದಂತೆ. ಆರತಿ ವರ್ಷಕ್ಕೊಂದು ದಿನ. ಹಸು ಆ ನೆಲದ ಮೇಲೆ ಮಲಗುವುದು ವರ್ಷದ ಎಲ್ಲ ದಿನವೂ.